ಚಳಿಯಲ್ಲಿ ಹತ್ತುವ ಮದ್ದು

ಡಿಸೆಂಬರ್ 25, ಶುಕ್ರವಾರ

ಈ ಪುಸ್ತಕ ನನ್ನ ಗಂಡ ಮರ್ಲ್‌ನದು, ಅವನ ಬೇಟೆಯ ದಿನಚರಿ. ಅರ್ಧಕ್ಕೆ ನಿಂತಿದೆ. ಹಾಳೆ ದಂಡ ಮಾಡುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಆದ್ದರಿಂದ ಉಳಿದ ಹಾಳೆಗಳು ನನ್ನವು. ಅವನು ಬರೆದದ್ದನ್ನು ಓದಿ ಮುಗಿಸಲು ಕಾಲು ಗಂಟೆಯೂ ಬೇಕಾಗಲಿಲ್ಲ. “ಡಿ. 27. ಹಿಮ. ಎರಡು ಕಂಡೆ. ತಪ್ಪಿತು.” ಮೂವತ್ತೊಂದು ವರ್ಷದ ಬೇಟೆಯೆಲ್ಲ ಹೀಗೇ. ಮನುಷ್ಯ ಬಾಯಲ್ಲೂ ಇಷ್ಟೇ ಮಾತಾಡುತ್ತಿದ್ದ. ಸೆಪ್ಟೆಂಬರಿನಲ್ಲಿ ಹೋಗುವಾಗಲೂ ಅಷ್ಟೇ, “ಸ್ವಲ್ಪ ಎದೆ ಹಿಡೀತಿದೆ ಕಣೆ” ಎಂದ, ಮುಗಿಯಿತು.

ನಿನ್ನೆ ಡಾಯ್ಲ್ ಕ್ರೈಡರ್ ಬಂದಿದ್ದ. ಇಲ್ಲಿಂದ ಆರು ಮೈಲಿ ದೂರ, ಹಳ್ಳದ ತಲೆಯಲ್ಲಿರುವ ಬೇಟೆಮನೆಗೆ ಅವನೇ ಯಜಮಾನ. ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತಾಗಲೇ ಗೊತ್ತಾಯಿತು, ಏನೋ ಕೇಳಲಿಕ್ಕೆ ಬಂದಿದ್ದಾನೆ ಎಂದು.

“ಮರ್ಲ್‌ನ ಮಂಚದ ವಿಷಯ, ವರ್ನಾ. ನಮ್ಮ ಗ್ಯಾರಿ ಕೇಳ್ತಾ ಇದ್ದಾನೆ. ಸುಮ್ನೆ ಖಾಲಿ ಬಿದ್ದಿದೆಯಲ್ಲ ಅಂತ.”

ಗ್ಯಾರಿ ಎಂದರೆ ಡಾಯ್ಲ್‌ನ ಹೆಂಡತಿಯ ತಮ್ಮ, ಪಿಟ್ಸ್‌ಬರ್ಗಿನವನು. ಮೂರು ವರ್ಷದಿಂದ ಅತಿಥಿಯಾಗಿ ಬಂದು ಬೇಟೆಮನೆಯ ನೆಲದ ಮೇಲೆ ಮಲಗುತ್ತಿದ್ದಾನೆ. ಮಲಗಲಿ, ನೆಲಕ್ಕೇನಾಗಿದೆ?

“ಖಾಲಿ ಅಂತ ಯಾರು ಹೇಳಿದ್ದು? ನಾನು ಬರ್ತೀನಿ,” ಎಂದೆ.

“ನೀನಾ?”

“ಯಾಕೆ, ಹೆಂಗಸರು ಬರಬಾರದು ಅಂತ ಬರೆದಿಟ್ಟಿದ್ದೀರಾ?”

ಡಾಯ್ಲ್ ಪಾಪ ನಿಜವಾಗಿಯೂ ಯೋಚಿಸಿದ. “ಬರೆದಿಲ್ಲ. ಯಾರೂ ಕೇಳಿರಲಿಲ್ಲ. ಆದ್ರೆ ನಿಯಮ ಎಲ್ಲರಿಗೂ ಒಂದೇ, ನೋಡು.”

ನಿಯಮ ನನಗೆ ಗೊತ್ತಿಲ್ಲದ್ದೇ? ಮಂಚ ಬೇಕೆಂದವರು ತಮ್ಮ ಮೊದಲ ಚಕಮಕಿ ಸೀಸನ್ನಿನಲ್ಲಿ, ಅಂದರೆ ಕ್ರಿಸ್‌ಮಸ್ ಮರುದಿನದಿಂದ ಜನವರಿ ಒಂಬತ್ತರೊಳಗೆ, ಕಲ್ಲಿನ ಕಿಡಿಯಿಂದ ಮದ್ದು ಹತ್ತುವ ಚಕಮಕಿ ಕೋವಿಯಿಂದ ಒಂದು ಜಿಂಕೆ ಹೊಡೆಯಬೇಕು. ಇಲ್ಲವೇ ಬಾಲ ಕೊಡಬೇಕು. ಬಾಲ ಎಂದರೆ ಅಂಗಿಯ ಹಿಂಬದಿಯ ತುದಿ. ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಬಾಲ ಕತ್ತರಿಸಿ, ಹೆಸರು ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಆದರೆ ಕೋವಿ ಸಿಡಿಯಬೇಕು. ಬರೀ ‘ಟಿಕ್’ ಎಂದು ಸುಮ್ಮನಾದರೆ ಲೆಕ್ಕಕ್ಕಿಲ್ಲ. ಆ ಗೋಡೆಯ ಮೇಲೆ ಮರ್ಲ್‌ನ ಬಾಲಗಳೇ ಹನ್ನೊಂದಿವೆ. ಆ ಹನ್ನೊಂದು ಅಂಗಿಗಳಿಗೂ ಹೊಸ ಬಾಲ ಹೊಲಿದವಳು ನಾನು, ಪ್ರತಿ ಸಲ ಗೊಣಗಿಕೊಂಡು.

ನಾನು ಬಾಲ ಕೊಡುವವಳಲ್ಲ. ಜಿಂಕೆಯನ್ನೇ ಹೊಡೆಯುತ್ತೇನೆ. ಅಪ್ಪ ನನಗೆ ಹತ್ತು ವರ್ಷಕ್ಕೇ ಗುರಿ ಕಲಿಸಿದ್ದ.

ಈವತ್ತು ಹಿತ್ತಿಲಲ್ಲಿ ಮರ್ಲ್‌ನ ಕೋವಿಯಿಂದ, ಮರ್ಲ್‌ನ ಡಬ್ಬಿಯ ಕರಿಮದ್ದು ಹಾಕಿ, ನಾಲ್ಕು ಈಡು ಹೊಡೆದೆ. ನಾಲ್ಕೂ ಸಿಡಿದವು. ನಾಳೆಗೆಂದು ಮದ್ದು ಗುಂಡು ತುಂಬಿ ಒಳಗೆ ತಂದೆ. ಒಲೆಯ ಪಕ್ಕದ ಅವನ ಕುರ್ಚಿಯಲ್ಲಿ ಒರಗಿಸಿ, ಅವನ ಕಂಬಳಿಯನ್ನೇ ಹೊದಿಸಿದ್ದೇನೆ. ರಾತ್ರಿ ಊಟಕ್ಕೆ ಒಣ ಬ್ರೆಡ್ಡು, ನಿಂತುಕೊಂಡೇ ತಿಂದೆ. ಒಬ್ಬಳಿಗೆ ಏನು ಅಡುಗೆ?

ಡಿಸೆಂಬರ್ 26, ಶನಿವಾರ

ಹೇಳಿಕೊಳ್ಳಲು ನಾಚಿಕೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಕೊಬ್ಬಿದ ಹೆಣ್ಣು ಜಿಂಕೆ, ಅಡ್ಡ ನಿಂತಿತ್ತು. ಗುರಿ ಹಿಡಿದು ಕೋವಿಯ ಕುದುರೆ ಎಳೆದೆ. ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಮರ್ಲ್ ‘ಕಿವಿ’ ಎನ್ನುತ್ತಿದ್ದ. ಆ ಕಿವಿಯಲ್ಲಿಟ್ಟ ಚಿಟಿಕೆ ಮದ್ದು ‘ಫುಸ್’ ಎಂದು ಉರಿಯಿತು. ಕೊಳವೆಯ ಹೊಟ್ಟೆಯೊಳಗಿನ ಮದ್ದಿಗೆ ಬೆಂಕಿ ಹೋಗಲೇ ಇಲ್ಲ. ಜಿಂಕೆ ನನ್ನನ್ನು ನೋಡಿತು. ನಾನು ಜಿಂಕೆಯನ್ನು ನೋಡಿದೆ. ಅದು ಬಾಲ ಎತ್ತಿಕೊಂಡು, ಅವಸರವೇ ಇಲ್ಲದೆ, ಹೊರಟುಹೋಯಿತು.

ಬೇಟೆಮನೆಯಲ್ಲಿ ಡಾಯ್ಲ್ ತಿರುಪುಕಡ್ಡಿ ಹಾಕಿ ಗುಂಡು ಹೊರತೆಗೆದ. ಹಿಂದೆಯೇ ಬಂದ ಮದ್ದು ಕಾಫಿ ಸೋಸಿದ ಗಸಿಯಂತೆ ಉಂಡೆಯಾಗಿತ್ತು.

“ಮದ್ದು ಹಳೇದು, ಥಂಡಿ ಹಿಡಿದಿದೆ,” ಎಂದ ಡಾಯ್ಲ್.

“ಕೋವೀನೂ ಹಳೇದು,” ಎಂದ ಗ್ಯಾರಿ.

“ನಿನ್ನ ಮಾತು ಮಾತ್ರ ಹೊಸದು ನೋಡು,” ಎಂದೆ. ಇರಾ ಸ್ನೇವ್ಲಿ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಎಪ್ಪತ್ತೆಂಟು ವರ್ಷ ಅವನಿಗೆ, ಬೇಟೆಮನೆಯಲ್ಲಿ ಎಲ್ಲರಿಗಿಂತ ಹಿರಿಯ, ಬಾಟಲಿಯ ತಳದಂಥ ಕನ್ನಡಕ.

ಮನೆಗೆ ಬಂದು ಹೊಸದಾಗಿ ಮದ್ದು ತುಂಬಿ ಕೋವಿಯನ್ನು ಕುರ್ಚಿಯಲ್ಲಿಟ್ಟೆ. ಮರ್ಲ್‌ನ ಮದ್ದನ್ನು ಬೈಯುವುದಕ್ಕೆ ಇವರು ಯಾರು?

ಡಿಸೆಂಬರ್ 28, ಸೋಮವಾರ

ಮತ್ತೆ ‘ಫುಸ್’.

ಊರಿನ ಕೋವಿ ಅಂಗಡಿಗೆ ಹೋದೆ. ಅಲ್ಲಿಯ ಎಳೆಯ ಮನುಷ್ಯ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಹೊಳೆಯುವ ಡಬ್ಬಿ ತೆಗೆದಿಟ್ಟ. ಬದಲಿ ಮದ್ದಂತೆ. ಹೊಗೆ ಕಡಿಮೆ, ನಾತ ಕಡಿಮೆ, ಕೋವಿ ತೊಳೆಯುವುದು ಸುಲಭ. “ಅಮ್ಮಾ, ಈಗ ಎಲ್ಲರೂ ಇದನ್ನೇ ಹಾಕೋದು,” ಎಂದ. ಎಲ್ಲರೂ ಎಂದರೆ ಯಾರು ಎಂದು ಕೇಳಬೇಕಿತ್ತು. ಕೇಳದೆ ತಂದೆ.

ಡಿಸೆಂಬರ್ 29, ಮಂಗಳವಾರ

ಬದಲಿ ಮದ್ದು ಹಿತ್ತಿಲಲ್ಲೇ ಕೈಕೊಟ್ಟಿತು. ಆರು ಸಲ ಕುದುರೆ ಎಳೆದರೆ ಒಂದು ಸಲ ಸಿಡಿಯಿತು, ಅದೂ ನಾನು ಕೋವಿ ಇಳಿಸಬೇಕು ಎನ್ನುವಷ್ಟರಲ್ಲಿ.

ಇರಾಗೆ ಫೋನ್ ಮಾಡಿದೆ.

“ಅದನ್ನ ಯಾವನು ಕೊಟ್ಟ ನಿಂಗೆ? ಅದು ಕಲ್ಲಿನ ಬದಲು ಸಿಡಿಯೋ ಕೇಪು ಇಡೋ ಕೋವಿಗೆ ಕಣೆ! ಕೇಪಿನ ಬೆಂಕಿ ಜೋರು. ಕಲ್ಲಿನ ಕಿಡಿಗೆ ಅದು ಕಣ್ಣು ಬಿಡಲ್ಲ, ಅದರಲ್ಲೂ ಈ ಚಳೀಲಿ. ಚಕಮಕಿಗೆ ಕರಿಮದ್ದೇ ಆಗ್ಬೇಕು.”

“ಕರಿಮದ್ದೂ ಹತ್ತಲಿಲ್ಲವಲ್ಲ!”

“ಹಂಗಾದ್ರೆ ಹೊಸ ಕರಿಮದ್ದು ತಗೋ. ನಾನು ಕಳಿಸ್ತೀನಿ. ಮತ್ತೆ ಅಳಬೇಡ.”

“ಯಾರು ಅಳ್ತಿರೋದು? ನೆಗಡಿ ಆಗಿದೆ.”

ಡಿಸೆಂಬರ್ 30, ಬುಧವಾರ

ಇರಾ ಕಳಿಸಿದ ಮದ್ದು ಬಂತು. ಎರಡು ಪೊಟ್ಟಣ, ಒಂದು ಸಾಸಿವೆ ಗಾತ್ರದ ಕಾಳು, ಇನ್ನೊಂದು ಹಿಟ್ಟಿನಷ್ಟು ನುಣುಪು, ಕಿವಿಗೆ. ಹಿತ್ತಿಲಲ್ಲಿ ಐದಕ್ಕೆ ಐದೂ ಸಿಡಿದವು. ಹಟಕ್ಕೆ ಮರ್ಲ್‌ನ ಹಳೇ ಮದ್ದನ್ನೂ ಹಾಕಿದೆ. ಮೂರಕ್ಕೆ ಮೂರು. ಹಾಗಾದರೆ ಅವನ ಮದ್ದಿಗೆ ಏನೂ ಆಗಿಲ್ಲ! ಡಾಯ್ಲ್‌ಗೆ ಹೇಳಬೇಕು.

ಆದರೆ ಹಿತ್ತಿಲಲ್ಲಿ ಹತ್ತುವ ಮದ್ದು ಕಾಡಿನಲ್ಲಿ ಯಾಕೆ ಹತ್ತುವುದಿಲ್ಲ? ಜಿಂಕೆ ಕಂಡರೆ ಮದ್ದಿಗೂ ನಾಚಿಕೆಯೇ? ಹೊಸ ಮದ್ದು ತುಂಬಿ, ಕೋವಿಯ ಮೈಯೆಲ್ಲ ಒರೆಸಿ, ಕುರ್ಚಿಯನ್ನು ಒಲೆಗೆ ಇನ್ನಷ್ಟು ಹತ್ತಿರ ಎಳೆದಿಟ್ಟಿದ್ದೇನೆ.

ಡಿಸೆಂಬರ್ 31, ಗುರುವಾರ

ಫುಸ್.

ಕಾರಿನಲ್ಲಿ ಕೂತು ಅತ್ತೆ. ನೆಗಡಿಯಲ್ಲ.

ಜನವರಿ 1, ಶುಕ್ರವಾರ

ಹೊಸ ವರ್ಷದ ದಿನ ಹಂದಿಮಾಂಸ ಮತ್ತು ಹುಳಿ ಬರಿಸಿದ ಕೋಸು ಬೇಯಿಸದ ಮನೆ ಈ ಕಡೆ ಇಲ್ಲ. ಬೇಡವೆಂದು ಕೂತಿದ್ದೆ. ಹನ್ನೊಂದು ಗಂಟೆಗೆ ಇರಾ ಫೋನ್ ಮಾಡಿ, “ನಿನ್ನ ಮನೆಗೆ ಊಟಕ್ಕೆ ಬರ್ತಾ ಇದ್ದೀನಿ, ನನ್ನ ಸೊಸೆ ಹುಳಿಕೋಸನ್ನ ಸಕ್ಕರೆ ಹಾಕಿ ಕೆಡಿಸ್ತಾಳೆ,” ಎಂದ. ಹೇಳಿದನೇ ಹೊರತು ಕೇಳಲಿಲ್ಲ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿದವಳು, ಒಬ್ಬ ಮುದುಕನಿಗೆ ಇಲ್ಲವೆನ್ನಲಾ? ದೊಡ್ಡ ಪಾತ್ರೆಯನ್ನೇ ಇಟ್ಟೆ.

ಇರಾ ಬಾಗಿಲು ತೆಗೆದು ಒಳಗೆ ಕಾಲಿಟ್ಟವನೇ ಕಂಬದಂತೆ ನಿಂತ. “ವರ್ನಾ, ದೀಪ ಯಾಕೆ ಆರಿಸಿದೆ?”

ನೋಡಿದರೆ ಅವನ ಕನ್ನಡಕ ಬೆಳ್ಳಗೆ ಮಂಜುಗಟ್ಟಿ, ನೀರು ಇಳಿಯುತ್ತಿದೆ. ನನಗೆ ನಗು ತಡೆಯಲಾಗಲಿಲ್ಲ. ಕನ್ನಡಕ ಕಿತ್ತು ಏಪ್ರನ್ನಿನಲ್ಲಿ ಒರೆಸಿದೆ. ಹೊರಗಿನ ಚಳಿಯನ್ನು ಮೂಗಿನ ಮೇಲೆ ಇಟ್ಟುಕೊಂಡು ಬಂದರೆ ಒಳಗಿನ ಹಬೆ ಬಿಡುತ್ತದೆಯೇ? ಹಾಗೆಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಕೈಯಲ್ಲಿ ಕನ್ನಡಕ. ಎದುರಿಗೆ ಕುರ್ಚಿಯಲ್ಲಿ ಕೋವಿ.

ಕನ್ನಡಕವನ್ನು ಅವನ ಕೈಗಿತ್ತು, ಹೋಗಿ ಕಂಬಳಿ ತೆಗೆದೆ. ಕೊಳವೆ ಮುಟ್ಟಿದೆ. ಬೆಳಿಗ್ಗೆ ಕಾಡಂಚಿಗೆ ಹೋಗಿ ಒಂದು ಗಂಟೆ ಕೂತು ಬಂದಿದ್ದೆ. ಕಬ್ಬಿಣದ ಮೈ ಬೆವೆತು ಒದ್ದೆಯಾಗಿತ್ತು.

“ಇದನ್ನ ಒಳಗೆ ಇಡ್ತೀಯಾ?” ಎಂದ ಇರಾ, ಬಹಳ ಮೆಲ್ಲಗೆ.

“ಮತ್ತೆಲ್ಲಿ ಇಡೋದು?”

“ಒಲೆ ಪಕ್ಕ. ಕಂಬಳಿ ಹೊದಿಸಿ.”

“ಹೌದು.”

ಅವನು ನಕ್ಕ ರೀತಿಗೆ ನನಗೆ ಭಯವಾಯಿತು, ಎಲ್ಲಿ ಉಸಿರು ಕಟ್ಟುತ್ತದೋ ಎಂದು. ಕಣ್ಣಲ್ಲಿ ನೀರು ಬಂದು ಕನ್ನಡಕ ಮತ್ತೆ ಮಂಜಾಯಿತು. “ಕೋವಿಗೆ ಚಳಿ ಆಗಲ್ಲ ಕಣೆ ತಾಯೀ! ಸೀಸನ್ ಮುಗಿಯೋವರೆಗೂ ಅದು ಜಗಲೀಲೇ ಇರ್ಬೇಕು. ಒಳಗೆ ತಂದ್ರೆ ಹೊರಗೂ ಬೆವರುತ್ತೆ, ಒಳಗೂ ಬೆವರುತ್ತೆ. ಯಾವ ಮದ್ದು ಹಾಕಿದ್ರೂ ಗಸಿನೇ.”

“ಯಾರೂ ಹೇಳಲಿಲ್ಲವಲ್ಲ ನಂಗೆ!”

“ಇದನ್ನೂ ಹೇಳ್ಬೇಕಾ? ಉಸಿರಾಡು ಅಂತ ಹೇಳ್ತೀವಾ?”

ಮರ್ಲ್ ಸೀಸನ್ ಪೂರ್ತಿ ಬೇಟೆಮನೆಯಲ್ಲೇ ಇರುತ್ತಿದ್ದ. ಕೋವಿ ತೊಳೆದು ಎಣ್ಣೆ ಹಚ್ಚಿಯೇ ಮನೆಗೆ ತರುತ್ತಿದ್ದ. ಅದು ಹದಿನಾಲ್ಕು ರಾತ್ರಿ ಎಲ್ಲಿ ಮಲಗುತ್ತದೆ ಎಂದು ನಾನೇಕೆ ಕೇಳಲಿ?

ಇರಾ ಎರಡು ಸಲ ಬಡಿಸಿಕೊಂಡು ಉಂಡ. ನಾನೂ ಕೂತೇ ಉಂಡೆ. ಅವನು ಹೋದಮೇಲೆ ಒದ್ದೆ ಮದ್ದು ತೆಗೆದು, ಕೋವಿ ಒಣಗಿಸಿ, ಜಗಲಿಯಲ್ಲಿ ಹೊಸದಾಗಿ ತುಂಬಿದೆ. ಸೌದೆ ರಾಶಿಗೆ ಒರಗಿಸಿಟ್ಟೆ. ಇಡಲಿಕ್ಕೆ ಕೈ ಬರಲಿಲ್ಲ, ನಿಜ ಹೇಳುತ್ತೇನೆ. ಮರ್ಲ್‌ನನ್ನೇ ಚರ್ಚಿನ ಹಿಂದಿನ ಗುಡ್ಡದಲ್ಲಿ, ಈ ಹಿಮದಲ್ಲಿ ಬಿಟ್ಟು ಬಂದಿದ್ದೇನೆ. ಅವನ ಕೋವಿಯನ್ನೂ ಹೊರಗೆ ಹಾಕಬೇಕೇ? ಸಂಜೆಯೊಳಗೆ ಮೂರು ಸಲ ಕಿಟಕಿಯಿಂದ ನೋಡಿದೆ. ಅದು ಆರಾಮವಾಗಿ ನಿಂತಿತ್ತು.

ಜನವರಿ 2, ಶನಿವಾರ

ಸಿಡಿಯಿತು! ರಾತ್ರಿಯೆಲ್ಲ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ನಿಂತ ಕೋವಿ ಬೆಳಿಗ್ಗೆ ಹಿತ್ತಿಲಲ್ಲಿ ಒಂದೇ ಏಟಿಗೆ ‘ಢಂ’ ಎಂದಿತು. ಪಕ್ಕದ ಮನೆಯ ನಾಯಿ ಮಂಚದ ಕೆಳಗೆ ಸೇರಿತಂತೆ. ಮತ್ತೆ ತುಂಬಿಕೊಂಡು ಕಾಡಿಗೆ ಓಡಿದೆ.

ಮಧ್ಯಾಹ್ನ ಚಳಿ ಸಡಿಲಿ, ತೊಪ್ಪೆ ತೊಪ್ಪೆಯಾಗಿ ಒದ್ದೆ ಹಿಮ ಸುರಿಯಿತು. ಹಾಳು ಜಿಂಕೆಗೆ ಆಗಲೇ ಬರಬೇಕೆನ್ನಿಸಬೇಕೇ? ಕುದುರೆ ಎಳೆದೆ. ಈ ಸಲ ‘ಫುಸ್’ ಕೂಡ ಇಲ್ಲ. ಕಿವಿಯಲ್ಲಿ ಹಾಕಿದ್ದ ನುಣುಪು ಮದ್ದು ಗಂಜಿಯಾಗಿತ್ತು. ನನಗೆ ನಗು ಬಂತು. ನಕ್ಕ ಸದ್ದಿಗೆ ಜಿಂಕೆ ಓಡಿತು.

ಗ್ಯಾರಿ ಕೇಳಿದ, “ವರ್ನಾ, ಈ ಸಲ ಏನು ನೆಪ?”

“ಗಂಜಿ ಮಾಡಿದ್ದೆ, ಜಿಂಕೆ ಬೇಡ ಅಂತು,” ಎಂದೆ.

ಜನವರಿ 3, ಭಾನುವಾರ

ಭಾನುವಾರ ಬೇಟೆ ಇಲ್ಲ. ಚರ್ಚಿನಿಂದ ಬಂದು ಎರಡು ಬಸಿಗಳಲ್ಲಿ ಎರಡು ಮದ್ದು ಹಾಕಿ ಜಗಲಿಯ ಕಟ್ಟೆಯ ಮೇಲಿಟ್ಟೆ, ನುಣುಪು ಒಂದರಲ್ಲಿ, ಕಾಳು ಇನ್ನೊಂದರಲ್ಲಿ. ಹಿಮ ಹನಿಯುತ್ತಿತ್ತು. ಹತ್ತು ನಿಮಿಷಕ್ಕೆ ನುಣುಪು ಕಪ್ಪು ಕೆಸರು. ಕಾಳು ಕಾಳಾಗಿಯೇ ಇತ್ತು, ಬೆಂಕಿಕಡ್ಡಿ ಹಿಡಿದರೆ ಭಗ್ ಎಂದು ಹತ್ತಿತು. ಹುಬ್ಬು ಸ್ವಲ್ಪ ಸುಟ್ಟಿದೆ.

ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಮರ್ಲ್ ಬರೆದಿದ್ದಾನೆ, “ಕಿವಿಗೆ ಯಾವಾಗಲೂ ಅತಿ ನುಣುಪು.” ಮೂವತ್ತೊಂದು ವರ್ಷ ಅದನ್ನೇ ಹಾಕಿದ. ಒಣ ಚಳಿಗೆ ಸರಿ ಇರಬಹುದು, ಒದ್ದೆ ಹಿಮಕ್ಕಲ್ಲ. ಮರ್ಲ್, ನೀನು ತಪ್ಪು. ಕೆಳಗೇ ಬರೆದಿಟ್ಟಿದ್ದೇನೆ, “ಹಿಮ ಬೀಳುವಾಗ ಕಾಳುಮದ್ದು. ವ.” ಇನ್ನು ಹೊಟ್ಟೆಗೂ ಕಿವಿಗೂ ನನಗೆ ಕಾಳುಮದ್ದೇ. ಹಳೇ ಡಬ್ಬಿ ಕಪಾಟಿನಲ್ಲಿ ಇರಲಿ.

ಬೇಟೆಮನೆಗೆ ಒಂದು ಪಾತ್ರೆ ಬೀನ್ಸು ಸೂಪು ಮಾಡಿ ಕಳಿಸಿದೆ. ಪಾಪ, ಡಾಯ್ಲ್‌ನ ಅಡುಗೆ ನಾಯಿಯೂ ಮೂಸುವುದಿಲ್ಲ.

ಜನವರಿ 5, ಮಂಗಳವಾರ

ಸೊನ್ನೆಗಿಂತ ಹನ್ನೆರಡು ಕೆಳಗೆ. ಹೆಮ್ಲಾಕ್ ಮರದ ಬುಡದಲ್ಲಿ ಆರು ಗಂಟೆ ಕೂತಿದ್ದೆ. ಜಿಂಕೆ ಇಲ್ಲ. ಒಂದು ನರಿ ಬಂದು ನನ್ನ ಬೂಟು ಮೂಸಿ ಸೀನಿತು. ಫ್ಲಾಸ್ಕಿನ ಕಾಫಿ, ಎರಡು ಹ್ಯಾಮ್ ಬ್ರೆಡ್ಡು. ಹಳ್ಳದ ಮೇಲೆ ಬಿಸಿಲು ಬಿದ್ದಾಗ ಮಂಜುಗಡ್ಡೆ ಒಳಗೊಳಗೇ ಪಟಪಟ ಅನ್ನುತ್ತದೆ. ಇದನ್ನು ಮರ್ಲ್ ಒಂದು ದಿನವೂ ನನಗೆ ಹೇಳಿರಲಿಲ್ಲ. ನಾಳೆ ಮೂರು ಬ್ರೆಡ್ಡು ಒಯ್ಯಬೇಕು.

ನನ್ನ ಕೋವಿಯ ಕಲ್ಲು ಮೊಂಡಾಗಿತ್ತು, ಬದಲಿಸಿದೆ.

ಜನವರಿ 7, ಗುರುವಾರ

ಗಾಳಿ. ಏನೂ ಕಾಣಲಿಲ್ಲ. ಚೆನ್ನಾಗಿತ್ತು.

ಜನವರಿ 8, ಶುಕ್ರವಾರ

ಒಂದೇ ದಿನ ಉಳಿದಿದೆ. ಡಾಯ್ಲ್ ನನ್ನನ್ನು ಪಕ್ಕಕ್ಕೆ ಕರೆದ.

“ನೋಡು ವರ್ನಾ, ನಿಯಮ ಸ್ವಲ್ಪ ಸಡಿಲ ಮಾಡೋಣ ಅಂತ ನಾವು ಮಾತಾಡ್ಕೊಂಡ್ವಿ. ಮರ್ಲ್‌ನ ಹೆಸರಲ್ಲಿ ಮಂಚ ನಿಂಗೆ ಬಿಟ್ಟುಬಿಡ್ತೀವಿ.”

“ಮರ್ಲ್‌ನ ಹೆಸರಲ್ಲಿ ನಂಗೆ ಏನೂ ಬೇಡ,” ಎಂದೆ. ಇಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. “ನಾಳೆ ಕತ್ತಲಾಗೋವರೆಗೂ ಟೈಮಿದೆ. ಆಗಲಿಲ್ಲ ಅಂದ್ರೆ ಗ್ಯಾರಿ ಮಲಗಲಿ.”

ಮನೆಗೆ ಬಂದು ಹೆದರಿದೆ. ಇಂಥ ಬಾಯಿ ಯಾಕೆ ಬೇಕು ನನಗೆ? ನಾಳೆ ಮರ್ಲ್‌ನ ಕೆಂಪು ಕಪ್ಪು ಚೌಕುಳಿಯ ಉಣ್ಣೆ ಅಂಗಿ ಹಾಕಿಕೊಳ್ಳುತ್ತೇನೆ. ಹೋದ ವರ್ಷ ಕೊಂಡದ್ದು. ಅವನ ಅಂಗಿಗಳಲ್ಲಿ ಹುಟ್ಟಿನಿಂದ ಬಂದ ಬಾಲ ಇನ್ನೂ ಇರುವುದು ಇದೊಂದಕ್ಕೇ. ತೊಳೆದಿಲ್ಲ. ತೊಳೆಯಲು ಮನಸ್ಸಾಗಲಿಲ್ಲ.

ಜನವರಿ 9, ಶನಿವಾರ

ನಿಧಾನವಾಗಿ ಬರೆಯುತ್ತೇನೆ, ಎಲ್ಲವನ್ನೂ ಬರೆಯಬೇಕು.

ಮೂರು ಗಂಟೆಯವರೆಗೆ ಏನೂ ಇಲ್ಲ. ಹಿಮ ಮತ್ತೆ ಹನಿಯತೊಡಗಿತು. ಡಾಯ್ಲ್ ಮತ್ತು ಗ್ಯಾರಿ ಹಳ್ಳದ ಕೆಳಗಿನಿಂದ ಸೋವುತ್ತ ಬಂದರು. ಹೌದು, ಗ್ಯಾರಿಯೇ. ಮಂಚ ಬೇಕಾದವನು ಸೊಂಟದವರೆಗೆ ಹಿಮದಲ್ಲಿ ಹೂತುಕೊಂಡು “ಹೋ! ಹೋ!” ಎಂದು ನನ್ನ ಕಡೆಗೆ ಜಿಂಕೆ ಅಟ್ಟುತ್ತಿದ್ದ. ನಾನು ಅವನ ಬಗ್ಗೆ ಬರೆದದ್ದೆಲ್ಲ ವಾಪಸು.

ಮೂರು ಹೆಣ್ಣು ಜಿಂಕೆಗಳು ಹೆಮ್ಲಾಕುಗಳ ನಡುವೆ ಬಂದವು. ಎರಡು ದಾಟಿದವು. ಮೂರನೆಯದು ನಿಂತು ಹಿಂದಿರುಗಿ ನೋಡಿತು. ಮೂವತ್ತೈದು ಹೆಜ್ಜೆ ಇರಬಹುದು. ಕಿವಿಯ ಮುಚ್ಚಳದ ಮೇಲೆ ಹಿಮದ ಹನಿ ಕೂತಿರುವುದು ಕಂಡಿತು. ದೇವರೇ, ಸಿಡಿದರೆ ಸಾಕು ಎಂದುಕೊಂಡೆ. ಕುದುರೆ ಎಳೆದೆ.

ಢಂ!

ಭುಜಕ್ಕೆ ಗುದ್ದು, ಮುಂದೆಲ್ಲ ಬಿಳೀ ಹೊಗೆ, ಗಂಧಕದ ನಾತ. ಹೊಗೆ ಸರಿದಾಗ ಜಿಂಕೆ ಇರಲಿಲ್ಲ. ಈಡಿನ ಸದ್ದಿಗೆ ಇರಾ ಕೂಡ ಬಂದ, ಹೆಜ್ಜೆ ಹಿಡಿದು ನಾಲ್ವರೂ ಬಹಳ ದೂರ ಹುಡುಕಿದೆವು. ಗಾಯ ಮಾಡಿ ಬಿಟ್ಟರೆ ಆ ಪಾಪ ಹೋಗುವುದಿಲ್ಲ. ಒಂದು ಹನಿ ರಕ್ತವಿಲ್ಲ, ಒಂದು ಕೂದಲಿಲ್ಲ. ಕೊನೆಗೆ ಇರಾ ಒಂದು ಬರ್ಚ್ ಮರಕ್ಕೆ ಕನ್ನಡಕ ತಾಗಿಸಿ ನೋಡಿ ಕೂಗಿದ, “ಇಲ್ಲಿದೆ! ಮರಕ್ಕೆ ಹೊಡೆದಿದ್ದಾಳೆ! ಮರ ಸತ್ತಿದೆ!”

ನಾನು ಹಿಮದಲ್ಲಿ ಕೂತುಬಿಟ್ಟೆ. ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಗ್ಯಾರಿ ಕೈ ಹಿಡಿದು ಎಬ್ಬಿಸಿ, “ಬಾಲ! ಬಾಲ!” ಎಂದು ಕುಣಿದ. ಜಿಂಕೆ ಸಿಗಲಿಲ್ಲವೆಂಬ ಬೇಸರ ಹುಡುಕಿದರೂ ಸಿಗಲಿಲ್ಲ.

ಬೇಟೆಮನೆಯಲ್ಲಿ ಡಾಯ್ಲ್ ಕತ್ತರಿ ತಂದ. ನಾನು ಕೋಟು ಬಿಚ್ಚಿದೆ. ಅವನು ಅಂಗಿ ನೋಡಿದ, ನನ್ನ ಮುಖ ನೋಡಿದ. ಕತ್ತರಿ ಕೆಳಗಿಳಿಸಿದ.

“ಇದು ಮರ್ಲ್‌ದು.”

“ಹೌದು.”

ಡಾಯ್ಲ್ ತಲೆ ಅಡ್ಡ ಆಡಿಸಿದ.

“ಬೇಡ ವರ್ನಾ. ಒಂದು ಕರ್ಚೀಫ್ ಕೊಡು, ಅದನ್ನೇ ಹೊಡೀತೀವಿ. ಯಾರೂ ಏನೂ ಅನ್ನಲ್ಲ.”

ನಾನು ಅಂಗಿಯ ಬಾಲವನ್ನು ಹೊರಗೆಳೆದು, ಅವನಿಗೆ ಬೆನ್ನು ತಿರುಗಿಸಿ ನಿಂತೆ. “ಗುರಿ ತಪ್ಪಿದ್ದು ನಾನು, ಕರ್ಚೀಫ್ ಅಲ್ಲ. ಕತ್ತರಿಸು. ನೆಟ್ಟಗೆ ಕತ್ತರಿಸು ಮಾರಾಯಾ, ಹನ್ನೊಂದು ಸಲ ಹೊಲಿದಿದ್ದೀನಿ, ಒಂದು ಸಲಾನಾದ್ರೂ ನೆಟ್ಟಗೆ ಕತ್ತರಿಸಿದ್ದೀಯಾ ನೀನು?”

ಕತ್ತರಿಯ ಸದ್ದು ಬೆನ್ನ ಹಿಂದೆ ಕೇಳಿತು. ಈ ಸಲವೂ ಸೊಟ್ಟಗೇ ಬಂತು. ಇರಾ ಅದರ ಮೇಲೆ “ವರ್ನಾ, ಜನವರಿ 9” ಎಂದು ಬರೆದ. ಮರ್ಲ್‌ನ ಹನ್ನೊಂದರ ಪಕ್ಕದಲ್ಲಿ ಮೊಳೆ ಹೊಡೆದವನು ಗ್ಯಾರಿ.

ಜನವರಿ 10, ಭಾನುವಾರ, ಬೇಟೆಮನೆ, ಕೆಳಮಂಚ

ಸೊನ್ನೆಗಿಂತ ಒಂಬತ್ತು ಕೆಳಗೆ. ಬಿಸಿಲು. ನಿನ್ನೆ ಮೂರು ಕಂಡೆ. ತಪ್ಪಿತು.

ನಿನ್ನೆಯೇ ಕೋವಿಯನ್ನು ಬಿಸಿನೀರು ಸೋಪಿನಲ್ಲಿ ತೊಳೆದು ಎಣ್ಣೆ ಹಚ್ಚಿ ಜಗಲಿಯ ಗೂಟಕ್ಕೆ ಹಾಕಿದ್ದೆ, ಅಲ್ಲೇ ಇರಬೇಕು, ನೋಡಿಲ್ಲ. ಗ್ಯಾರಿ ನೆಲದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಎದ್ದು ಎಲ್ಲರಿಗೂ ಬಕ್‌ವೀಟ್ ಹಿಟ್ಟಿನ ದೋಸೆ ಹೊಯ್ಯಬೇಕು, ಡಾಯ್ಲ್ ಒಲೆಯ ಹತ್ತಿರ ಹೋಗುವ ಮೊದಲು. ಬಗ್ಗಿದರೆ ಬೆನ್ನಿಗೆ ಚಳಿ ಹೊಡೆಯುತ್ತದೆ. ಹೊಡೆಯಲಿ, ಈ ಅಂಗಿಯನ್ನು ಹೊಲಿಯುವುದಿಲ್ಲ.